ಎಳೆದಿಟ್ಟ ಕವಣೆ

ನನ್ನ ಕೆಳದವಡೆಯ ಹಲ್ಲಿನ ಸೆಟ್ಟು ನಮ್ಮ ಮೇಲಿನ ಮನೆಯ ಬಾಡಿಗೆದಾರರು ಮಾಡಿಕೊಟ್ಟದ್ದು. ಹಾಗಾಗಿ ಅವರ ಬಗ್ಗೆ ಒಳ್ಳೆಯದು ಹೇಳಲಿ, ಕೆಟ್ಟದ್ದು ಹೇಳಲಿ, ಅವರ ಹಲ್ಲಿನಿಂದಲೇ ಹೇಳಬೇಕು. ಕೆಟ್ಟದ್ದು ಹೇಳುವುದಕ್ಕೆ ಏನೂ ಇಲ್ಲ. ಒಂದೇ ಒಂದು ದೂರಿದೆ, ಅದನ್ನು ಕೊನೆಗೆ ಹೇಳುತ್ತೇನೆ. ಕಳೆದ ತಿಂಗಳು ಅವರು ತೀರಿಕೊಂಡರು. ನಮ್ಮ ಮೇಲಿನ ಮನೆ ಈಗ ಖಾಲಿ.

ನಮ್ಮದು ವಸಂತಪುರ. ತಾತ ರಾಗಿ, ಹುರುಳಿ ಬೆಳೆದ ನೆಲದಲ್ಲಿ ನಾನು ಬಾಡಿಗೆದಾರರನ್ನು ಬೆಳೆಯುತ್ತಿದ್ದೇನೆ ಎಂದು ನಮ್ಮ ಮನೆಯವಳು ಹಂಗಿಸುತ್ತಾಳೆ. ಹಂಗಿಸಲಿ. ಮನೆ ನೋಡಲು ಬಂದವರನ್ನು ಮೆಟ್ಟಿಲು ಹತ್ತುವ ಸದ್ದಿನಲ್ಲೇ ಅಳೆದುಬಿಡುತ್ತೇನೆ ಎಂಬ ಜಂಬ ನನಗಿತ್ತು. ಎಲ್ಲರಿಗೂ ಹೇಳುವುದನ್ನೇ ಇವರಿಗೂ ಹೇಳಿದೆ: ನೀರು ಪೋಲು ಮಾಡಬಾರದು, ಗೋಡೆಗೆ ಮೊಳೆ ಹೊಡೆಯಬಾರದು. ಅವರು ಹಾಲ್‌ನ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಮೊಳೆ ಹೊಡೆಯಲ್ಲ ಗೌಡ್ರೇ. ಕಡಲೆಕಾಳು ಹೊಡೀಬಹುದಾ?" ಎಂದು ಕೇಳಿದರು. ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ನಗಲಿಲ್ಲ. ತಮಾಷೆಯೋ ತಲೆ ಕೆಟ್ಟಿದೆಯೋ ಗೊತ್ತಾಗದೆ ನಾನು ಹೂಂ ಅಂದೆ.

ಅವರ ಕೆಲಸ ಜಯನಗರದ ಒಂದು ಡೆಂಟಲ್ ಲ್ಯಾಬಿನಲ್ಲಿ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವರು ಅದಕ್ಕೆ ಹೊಂದುವ ಹಲ್ಲು ಮಾಡಿ ಕೊಡುತ್ತಾರೆ. ಮಾತಾಡುವಾಗ ಎದುರಿನವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಮೊದಮೊದಲು ನನಗೆ ಇರುಸುಮುರುಸಾಗುತ್ತಿತ್ತು. ಹೆಂಗಸರ ಮುಂದೆಲ್ಲ ಹಾಗೆ ನೋಡಬೇಡಿ ಸಾರ್, ಯಾರಾದರೂ ಬಾರಿಸಿಯಾರು ಎಂದೂ ಹೇಳಿದ್ದೆ. ನನ್ನ ಹಲ್ಲು ಉದುರಿದಾಗ ಸೆಟ್ಟನ್ನು ತಾವೇ ಮನೆಗೆ ತಂದರು. ಅಲ್ಲಿ ಇಲ್ಲಿ ಕೂದಲೆಳೆಯಷ್ಟು ಉಜ್ಜಿ, ಮತ್ತೆ ಹಾಕಿಸಿ, ಮತ್ತೆ ಉಜ್ಜಿ, "ಒಂದ್ ವಾರ ಆದ್ಮೇಲೆ ಇದು ಬಾಯಲ್ಲಿದೆ ಅಂತ ನೆನಪೇ ಆಗ್ಬಾರ್ದು. ನೆನಪಾದ್ರೆ ನಾನು ಸರಿಯಾಗಿ ಮಾಡಿಲ್ಲ ಅಂತ ಲೆಕ್ಕ" ಎಂದರು. ನಿಜವಾಗಿಯೂ ಮರೆತೇ ಹೋಗಿತ್ತು. ಈಗ ಒಂದು ತಿಂಗಳಿಂದ ಪ್ರತಿ ತುತ್ತಿಗೂ ನೆನಪಾಗುತ್ತಿದೆ.

ಕಡಲೆಕಾಳಿನ ವಿಷಯ ನನಗೆ ಅರ್ಥವಾದದ್ದು ಒಂದು ಭಾನುವಾರ ಬೆಳಿಗ್ಗೆ. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದೆ. ಟಪ್ ಎಂದು ಬೋಳುತಲೆಯ ಮೇಲೆ ಏನೋ ಬಿತ್ತು. ತಲೆಯೆತ್ತಿದರೆ ಬಾಲ್ಕನಿಯಲ್ಲಿ ಅವರ ಹೆಂಡತಿ, ನಾನು ಮೇಡಂ ಎಂದು ಕರೆಯುತ್ತಿದ್ದವರು. "ಸಾರಿ ಅಣ್ಣ, ಇವತ್ತು ಯಾಕೋ ಜಾಸ್ತಿ ದೂರ ಹೋಗ್ತಿದೆ" ಎಂದರು. ಮುಖದಲ್ಲಿ ಸಾರಿಯ ಸುಳಿವೂ ಇರಲಿಲ್ಲ, ಹಿಗ್ಗಿನಿಂದ ಅರಳಿತ್ತು. ಎರಡು ಮಾತು ಬೈದು ಬರೋಣವೆಂದೇ ಮೆಟ್ಟಿಲು ಹತ್ತಿದೆ.

ಹಾಲ್ ತುಂಬ ಒಂದು ಮೇಜು. ಮೇಜಿನ ಮೇಲೆ ಕೋಟೆ, ಕೋಟೆಯ ಸುತ್ತ ಬೆರಳ ಗಿಣ್ಣಿನಷ್ಟು ಎತ್ತರದ ಸೈನಿಕರು. ಕೋಟೆಯ ಬಾಗಿಲು ಮಣ್ಣಿನದು. ಹನುಮಂತನಗರದಲ್ಲಿ ಮೇಡಂ ಅವರ ತಾಯಿ ದಸರಾ ಬೊಂಬೆ ಕೂರಿಸುವಾಗ ಇಡುತ್ತಿದ್ದ ಕೋಟೆಯಲ್ಲಿ ಉಳಿದದ್ದು ಅದೊಂದೇ. ಗೋಡೆಗಳನ್ನು ಇವರು ಕಟ್ಟಿದ್ದರು, ಹಲ್ಲಿನ ಅಚ್ಚಿಗೆ ಬಳಸುವ ಗಟ್ಟಿ ಗಾರೆಯಲ್ಲಿ ಪುಟ್ಟ ಪುಟ್ಟ ಇಟ್ಟಿಗೆ ಹಾಕಿ, ಅಂಟಿಸದೆ ಒಂದರ ಮೇಲೊಂದು ಪೇರಿಸಿ. ಗೋಡೆಯ ಎದುರು ಮರದ ಯಂತ್ರಗಳು. ಬಾಗಿಲಿಗೆ ಗುಮ್ಮುವ ತೊಲೆ ಒಂದು, ಗಾಲಿಯ ಮೇಲೆ ಉರುಳುವ ಏಣಿಗೋಪುರ ಒಂದು, ಮತ್ತೆ ಕಲ್ಲು ಚಿಮ್ಮಿಸುವ ಕವಣೆಗಳು. ತೋಪು, ಕೋವಿ ಬರುವ ಮುಂಚಿನ ಕಾಲದಲ್ಲಿ ಕೋಟೆ ಒಡೆಯುತ್ತಿದ್ದದ್ದು ಇವುಗಳಿಂದ ಎಂದು ಮೇಡಂ ನನಗೆ ಪಾಠ ಮಾಡಿದರು. ಅವರು ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದರು. ಯಾರಿಗೆ ಏನು ಹೇಳಿದರೂ ಪಾಠದ ಹಾಗೇ ಇರುತ್ತಿತ್ತು.

ಜೆ.ಪಿ. ನಗರದಲ್ಲಿ ಕಾಫಿ ಕುಡಿಯುತ್ತ ಇಂಥ ಮೇಜಿನ ಯುದ್ಧ ಆಡುವ ಒಂದು ಅಂಗಡಿ ಇದೆಯಂತೆ. ಟ್ಯೂಷನ್ನಿನ ಹಳೆಯ ಹುಡುಗರು ಅವರನ್ನು ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋದರು. ಆಮೇಲೆ ಪ್ರತಿ ಭಾನುವಾರ ಕಾಟನ್ ಸೀರೆ ಉಟ್ಟು, ಚಿತ್ರಾನ್ನದ ಡಬ್ಬಿ ಹಿಡಿದು ಮೇಡಂ ತಾವೇ ಹೊರಡತೊಡಗಿದರು. ಐವತ್ತು ದಾಟಿದ ಹೆಂಗಸು ಕಾಲೇಜು ಹುಡುಗರ ಕೋಟೆಗಳನ್ನು ಒಂದೊಂದಾಗಿ ನೆಲಸಮ ಮಾಡಿದರು. "ಆಂಟಿ ಬಂದ್ರು, ಬಾಗ್ಲು ಹಾಕ್ರೋ ಮಗಾ" ಎನ್ನುವುದು ಅಲ್ಲಿ ಗಾದೆಯೇ ಆಗಿತ್ತಂತೆ.

ಗಂಡ ಮಾತ್ರ ಎಂದೂ ಆಡಿದವರಲ್ಲ. ಹೆಂಡತಿಗೆ ಯಂತ್ರ ಮಾಡಿಕೊಡುವುದಷ್ಟೇ ಇವರ ಪಾಲು. ಮೊದಲ ಕವಣೆ ತೆಗೆದುಕೊಂಡು ಹೋದಾಗ ಹುಡುಗರು ನಕ್ಕರಂತೆ. ಅಂಕಲ್, ಇದು ನಿಜವಾಗ್ಲೂ ಹೊಡೀಬೇಕಂತಿಲ್ಲ, ನೋಡಕ್ಕೆ ಇದ್ರೆ ಸಾಕು, ಏಟು ಬಿತ್ತಾ ಇಲ್ವಾ ಅಂತ ದಾಳ ಹೇಳುತ್ತೆ ಎಂದು ಆಟದ ನಿಯಮ ತಿಳಿಸಿದರು. ಇವರು, "ಅಗಿಯಕ್ಕೆ ಬರ್ದೇ ಇರೋ ಹಲ್ಲು ನಾನ್ ಮಾಡಲ್ಲಪ್ಪ" ಎಂದು ಯಂತ್ರವನ್ನು ವಾಪಸ್ ಚೀಲಕ್ಕೆ ಹಾಕಿಕೊಂಡರು. ಕೊನೆಗೆ ಹುಡುಗರೇ ಸೋತು, ಆಂಟಿಯ ಯಂತ್ರ ಏನನ್ನು ಬೀಳಿಸುತ್ತದೋ ಅದು ಬಿದ್ದ ಹಾಗೆ ಎಂದು ಒಪ್ಪಿಕೊಂಡರು. ಕಡಲೆಕಾಳು ಗುಂಡಾಯಿತು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರಲ್ಲ, ನಮ್ಮನೇಲಿ ಎರಡೂ ಇದೆ ನೋಡಿ ಅಣ್ಣ ಎಂದು ಮೇಡಂ ಹೇಳಿ ಹೇಳಿ ನಗುತ್ತಿದ್ದರು.

ಬೈಯಲು ಹೋದವನು ಆವತ್ತು ಕಾಫಿ ಕುಡಿದು ಬಂದೆ. ಕಾರಣ, ಕವಣೆಗಳ ಪಕ್ಕದಲ್ಲಿ ಇನ್ನೊಂದು ಯಂತ್ರವಿತ್ತು. ಉದ್ದನೆಯ ತೊಲೆ, ಒಂದು ತುದಿಗೆ ಭಾರ, ಇನ್ನೊಂದು ತುದಿಗೆ ಜೋಲಿ. ಭಾರ ಇಳಿದರೆ ಜೋಲಿ ಮೇಲಕ್ಕೆ ಚಿಮ್ಮುತ್ತದೆ. "ಇದು ನಮ್ಮ ಏತ ಅಲ್ವಾ ಸಾರ್" ಎಂದೆ. ತಾತನ ಬಾವಿಯ ಮೇಲೆ ಇಂಥದೇ ತೊಲೆ ಇತ್ತು, ಹಿಂಭಾರಕ್ಕೆ ಕಲ್ಲು ಕಟ್ಟಿ ನೀರೆತ್ತುತ್ತಿದ್ದರು. ಇವರಿಗೆ ಎಷ್ಟು ಸಂತೋಷವಾಯಿತೆಂದರೆ ಮೊದಲ ಸಲ ನನ್ನ ಬಾಯಿ ಬಿಟ್ಟು ಕಣ್ಣು ನೋಡಿದರು. ಅದರ ಇಂಗ್ಲಿಷ್ ಹೆಸರನ್ನು ಆವತ್ತಿಗೇ ಕೈಬಿಟ್ಟರು. ಆಮೇಲೆ ಜೆ.ಪಿ. ನಗರದ ಹುಡುಗರೂ ಏತ ಎನ್ನಲು ಕಲಿತರು. ನಾನೂ ಮನೆ ಕಟ್ಟುವಾಗ ಉಳಿದು ಮೆಟ್ಟಿಲ ಕೆಳಗೆ ಬಿದ್ದಿದ್ದ ತೇಗದ ಬೀಡಿಂಗ್ ಪಟ್ಟಿಗಳನ್ನು ತೆಗೆದು ಕೊಟ್ಟೆ. ನಮ್ಮ ಮನೆಯ ಬಾಗಿಲುಗಳಿಗೂ ಅವರ ಕವಣೆಗಳಿಗೂ ಒಂದೇ ಮರ.

ಕವಣೆ ಮಾಡುವುದು ಕಷ್ಟವಲ್ಲ, ನಾನೇ ನೋಡಿ ಕಲಿತಿದ್ದೇನೆ. ಎರಡು ಮರದ ಪಟ್ಟಿಗಳ ನಡುವೆ ದಾರವನ್ನು ಸುತ್ತಿ ಸುತ್ತಿ, ದಾರದ ಒಳಗೆ ಒಂದು ಕಡ್ಡಿ ತೂರಿಸಿ, ದಾರವನ್ನು ಬಿಗಿಯಾಗಿ ತಿರುಚಬೇಕು. ಆಗ ಕಡ್ಡಿಗೆ ಎದ್ದು ನಿಲ್ಲುವ ಹಟ ಬರುತ್ತದೆ. ಕಡ್ಡಿಯ ತುದಿಗೆ ಬಟ್ಟಲು. ಕಡ್ಡಿಯನ್ನು ಹಿಂದಕ್ಕೆ ಎಳೆದು ಪಿನ್ನು ಸಿಕ್ಕಿಸಿ, ಬಟ್ಟಲಲ್ಲಿ ಕಡಲೆ ಇಟ್ಟು, ಪಿನ್ನು ತೆಗೆದರೆ ಆಯಿತು. ಇವರು ಸಾಧು ಮನುಷ್ಯ, ನೀರು ಬರದಿದ್ದರೂ ದನಿಯೇರಿಸಿದವರಲ್ಲ. ಆದರೆ ಯಾರಾದರೂ ಕವಣೆಯನ್ನು ಎಳೆದಿಟ್ಟು ಎದ್ದುಹೋದರೆ ಮಾತ್ರ ಸಿಡುಕುತ್ತಿದ್ದರು. ಕುಕ್ಕರ್ ಕೂಗಿತೆಂದು ಮೇಡಂ ಅಡುಗೆಮನೆಗೆ ಓಡಿದರೆ ಇವರು ಕವಣೆಯ ಕಡೆಗೆ ಓಡುತ್ತಿದ್ದರು. ಮೆಲ್ಲಗೆ ಪಿನ್ನು ತೆಗೆದು, ಕಡ್ಡಿಯನ್ನು ಕೈಯಲ್ಲಿ ಹಿಡಿದು ಎಬ್ಬಿಸಿ ಬಿಡುತ್ತಿದ್ದರು. "ಎಳೆದಿಟ್ಟು ಹೋಗ್ಬಾರ್ದು ಗೌಡ್ರೇ. ದಾರ ಸತ್ತೋಗುತ್ತೆ. ಹಂಗೇ ಬಿದ್ದಿರೋದು ಅದಕ್ಕೆ ಅಭ್ಯಾಸ ಆಗ್ಬಿಟ್ರೆ ಆಮೇಲೆ ಏಳು ಅಂದ್ರೂ ಏಳಲ್ಲ" ಎಂದು ಪ್ರತಿ ಸಲ ಹೇಳುತ್ತಿದ್ದರು.

ಆಯುಧಪೂಜೆಗೆ ಲ್ಯಾಬಿನ ಅರ, ಗರಗಸದ ಜೊತೆ ಕವಣೆಗಳನ್ನೂ ಸಾಲಾಗಿ ಇಟ್ಟು ಪೂಜೆ ಮಾಡುತ್ತಿದ್ದರು. ಒಂದು ವರ್ಷ ಅರಿಶಿನ ಕುಂಕುಮ ಕಲಸಿ ದಾರಕ್ಕೆಲ್ಲ ಧಾರಾಳವಾಗಿ ಬಳಿದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಡಬೇಕಲ್ಲ, ಯಂತ್ರಕ್ಕಿಂತ ಹಣ್ಣೇ ದಪ್ಪ. ಹೋಳು ಮಾಡಿ ಇಟ್ಟು ಉರುಳಿಸಿದರು. ಮರುದಿನ ವಿಜಯದಶಮಿ, ಜೆ.ಪಿ. ನಗರದಲ್ಲಿ ದೊಡ್ಡ ಆಟ. ನೆನೆದ ನೂಲು ಬಿಗಿ ಕಳೆದುಕೊಂಡು ಕಡಲೆಗಳೆಲ್ಲ ಮೇಡಂ ಅವರ ಸ್ವಂತ ಸೈನಿಕರ ಮೇಲೇ ಉದುರಿದವು. ದೇವರನ್ನ ಕರೆದು ನನ್ನನ್ನ ಸೋಲಿಸಿದ್ರಲ್ಲ ಎಂದು ಮೇಡಂ ಮುಂದಿನ ದಸರಾದವರೆಗೂ ಚುಚ್ಚಿದರು. ಇವರು ಚಪ್ಪಲಿ ಹೊಲಿಯುವ ಮೇಣದ ದಾರ ತಂದು ಎಲ್ಲವನ್ನೂ ಬಿಚ್ಚಿ ಮತ್ತೆ ಸುತ್ತಿದರು. ಆ ಮನೆಯಲ್ಲಿ ನಾನು ಕಂಡ ಕೊನೆಯ ನಗುವಿನ ದಿನಗಳು ಅವು.

ಮೇಡಂ ಕೈಯಿಂದ ಮೊದಲು ಸೀಮೆಸುಣ್ಣ ಬೀಳತೊಡಗಿತು. ಆಮೇಲೆ ಬೀಗದ ಕೈ. ಒಂದು ಭಾನುವಾರ ಕವಣೆಯ ಪಿನ್ನು ಎಳೆಯಲು ಆಗಲಿಲ್ಲ. ದೊಡ್ಡ ಆಸ್ಪತ್ರೆಗೆ ತೋರಿಸಿದರು, ಇನ್ನೊಂದಕ್ಕೂ ತೋರಿಸಿದರು. ನರಗಳ ಕಾಯಿಲೆ, ಕೈ ಕಾಲು ಗಂಟಲು ಒಂದೊಂದಾಗಿ ಮಾತು ಕೇಳುವುದನ್ನು ಬಿಡುತ್ತವೆ, ಔಷಧಿ ಇಲ್ಲ, ಬುದ್ಧಿ ಮಾತ್ರ ಕೊನೆಯವರೆಗೂ ಚುರುಕಾಗಿರುತ್ತದೆ ಎಂದರಂತೆ. ಬುದ್ಧಿ ಚುರುಕಾಗಿರುತ್ತದೆ ಎಂಬುದನ್ನು ಡಾಕ್ಟರು ಸಮಾಧಾನಕ್ಕೆ ಹೇಳಿದರೋ ಏನೋ. ನನಗೆ ಅದು ಶಾಪದ ಹಾಗೆ ಕೇಳಿಸಿತು.

ಇವರು ಅದಕ್ಕೆ ಅಳಲಿಲ್ಲ, ನನ್ನ ಮುಂದಂತೂ ಅಳಲಿಲ್ಲ. ಕವಣೆಯ ಪಿನ್ನು ಬದಲಾಯಿಸಿದರು. ಎರಡು ಬೆರಳಲ್ಲಿ ಹಿಡಿದು ಎಳೆಯುವ ಪಿನ್ನಿನ ಬದಲು ಒಂದೇ ಬೆರಳು ತೂರಿಸುವ ಉಂಗುರ ಬಂತು. ಬೆರಳು ಹೋದ ಮೇಲೆ ಅಂಗೈ ಊರಿದರೆ ಬಿಟ್ಟುಕೊಳ್ಳುವ ಹಲಗೆ ಬಂತು. ಕೈ ಪೂರ್ತಿ ಹೋದ ಮೇಲೆ ಗದ್ದ ಒತ್ತಿದರೆ ಸಾಕು ಎನ್ನುವಂಥದ್ದು ಬಂತು. ಪ್ರತಿ ಹೊಸ ಯಂತ್ರವೂ ಹಿಂದಿನದಕ್ಕಿಂತ ಮೃದು, ಮತ್ತೆ ಪ್ರತಿಯೊಂದನ್ನೂ ಮೇಡಂ ಕೆಲವು ತಿಂಗಳಲ್ಲಿ ದಾಟಿಕೊಂಡು ಕೆಳಗಿಳಿದರು. ಆಟ ಈಗ ನಮ್ಮ ಮೇಲಿನ ಮನೆಯಲ್ಲೇ. ಮೊದಲು ಹುಡುಗರು ಗುಂಪಾಗಿ ಬರುತ್ತಿದ್ದರು. ಮೇಡಂ ಮಾತು ತೊದಲತೊಡಗಿದಾಗ ಅವರಿಗೆ ಎಲ್ಲಿ ನೋಡಬೇಕೋ ತಿಳಿಯದೆ ಫೋನ್ ನೋಡುತ್ತಿದ್ದರು, ಆಮೇಲೆ ಒಬ್ಬೊಬ್ಬರೇ ಕಡಿಮೆಯಾದರು. ಕೊನೆಗೆ ಎದುರು ಕೂರಲು ನಾನೊಬ್ಬನೇ ಉಳಿದೆ. ನನ್ನದು ಕೋಟೆ, ಮೇಡಂ ಅವರದು ಮುತ್ತಿಗೆ.

ಮಾತು ಪೂರ್ತಿ ನಿಲ್ಲುವ ಮುಂಚೆ ಮೇಡಂ ಒಂದು ಕರಾರು ಹಾಕಿದ್ದರು. ಒಂದೊಂದೇ ಪದ ಎತ್ತಿ ಎತ್ತಿ ನನ್ನ ಮುಂದೆಯೇ ಹೇಳಿದರು: "ನನ್ ಏಟು ನಾನೇ ಹೊಡೀಬೇಕು. ಇವ್ರು ನನ್ ಪರವಾಗಿ ಒಂದ್ ಕಾಳು ಹೊಡೆದ್ರೂ ಆವತ್ತಿಗೆ ಆಟ ಮುಗೀತು ಅಂತ." ಇವರು ಹೂಂ ಅಂದರು. ಆ ಹೂಂ ಅವರ ಜೀವ ತೆಗೆಯುತ್ತದೆಂದು ನನಗೆ ಆಗ ಗೊತ್ತಿರಲಿಲ್ಲ.

ಗದ್ದವೂ ಒತ್ತಲಾಗದೆ ಮೇಡಂ ಗಂಟೆಗಟ್ಟಲೆ ಗೋಡೆ ನೋಡುತ್ತ ಕೂತ ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಇವರನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ನೀವೇ ಸಣ್ಣಗೆ ಬೆರಳು ತಾಗಿಸಿ ಬಿಟ್ಟುಬಿಡಿ ಸಾರ್, ಅವರದೇ ಏಟು ಅಂದರಾಯಿತು, ಪಾಪ ಅವರಿಗೆ ಸಂತೋಷ ಎಂದೆ. ಬಾಯಿ ನೋಡುವ ಮನುಷ್ಯ ಆವತ್ತು ನೆಲ ನೋಡಿದರು. "ಅವಳಿಗೆ ಎಲ್ಲಾ ಹೋಯ್ತು ಗೌಡ್ರೇ. ಆಟ ಒಂದು ಅವಳದು. ಅದನ್ನೂ ನಾನು ಕಿತ್ಕೊಳ್ಲಾ?" ಎಂದರು. ಆಮೇಲೆ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆ ವಾರ ಕೂತು ಮಾಡಿದ್ದೇ ಉಸಿರಿನ ಕವಣೆ. ಹಲ್ಲಿನ ಸೆಟ್ಟಿಗೆ ಹಾಕುವ ಸಣ್ಣ ತಂತಿಯಲ್ಲಿ ಒಂದಕ್ಕೊಂದು ಆತುಕೊಂಡ ಸನ್ನೆಗೋಲುಗಳು, ಕೊನೆಯದರ ತುದಿಗೆ ಬೆರಳಗಲದ ಕಾಗದದ ಬಾವುಟ. ಮೇಡಂ ಊಫ್ ಎಂದರೆ ಬಾವುಟ ತಿರುಗಿ, ತಂತಿ ಸರಿದು, ಪಿನ್ನು ಬಿಟ್ಟುಕೊಳ್ಳಬೇಕು. ಮೊದಲ ಸಲ ಬಿಟ್ಟುಕೊಂಡಾಗ ಕಾಳು ನನ್ನ ಬುರುಜಿಗೆ ಬಡಿದು ಅರ್ಧ ಸಾಲು ಇಟ್ಟಿಗೆ ಉದುರಿತು. ಇವರು ಎದ್ದು ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತರು. ನೀರು ಪೋಲಾಗುತ್ತಿದೆ ಎನ್ನಲು ಓನರಿಗೂ ಬಾಯಿ ಬರಲಿಲ್ಲ.

ಅದಕ್ಕೆ ಗಾಳಿ ತಾಗುವ ಹಾಗಿರಲಿಲ್ಲ. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೂವರೂ ಬೆವರುತ್ತ ಕೂರುತ್ತಿದ್ದೆವು. ಒಮ್ಮೆ ನಾನು ಸೀನಿದೆ. ಕಾಳು ಹಾರಿ ಗೋಡೆಯ ಮೂಲೆ ಕುಸಿಯಿತು. ನನ್ನ ಕೋಟೆಯನ್ನು ನಾನೇ ಸೀನಿ ಕೆಡವಿದ ಹಾಗಾಯಿತು. ಮೇಡಂ ಕಡೆ ನೋಡಿದೆವು. ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಇಲ್ಲ. ಅವರ ಹತ್ತಿರ ಉಳಿದಿದ್ದ ಮಾತು ಅಷ್ಟೇ. ಮೇಡಂ ಕಣ್ಣು ಮುಚ್ಚಿದರು. ಆ ಏಟು ಲೆಕ್ಕಕ್ಕಿಲ್ಲ. ಇವರು ಒಂದೊಂದೇ ಇಟ್ಟಿಗೆ ಹೆಕ್ಕಿ ಮೊದಲಿನ ಹಾಗೇ ಜೋಡಿಸಿದರು.

ಉಸಿರೂ ಸೋತಿತು. ಹಳೆಯ ಹುಡುಗನೊಬ್ಬ ಬಂದು ಕಣ್ಣಿನ ಸನ್ನೆ ಹಿಡಿಯುವ ಕ್ಯಾಮೆರಾ, ಮೋಟರು ಎಲ್ಲ ಕಟ್ಟಿಕೊಡುತ್ತೇನೆ ಆಂಟಿ ಎಂದ. ಮೇಡಂ ಕಣ್ಣು ಮುಚ್ಚಿದರು. ಮೋಟರು ಹೊಡೆದರೆ ಅದು ಮೋಟರಿನ ಏಟು ಎಂದು ಇವರು ಅವನಿಗೆ ಬಿಡಿಸಿ ಹೇಳಿದರು. ಹುಡುಗನಿಗೆ ಅರ್ಥವಾಗಲಿಲ್ಲ, ನನಗೆ ಆಗಿತ್ತು. "ರೆಪ್ಪೆಗೆ ಇನ್ನೂ ಬಲ ಇದೆ ಗೌಡ್ರೇ. ರೆಪ್ಪೆ ಸಾಕು" ಎಂದು ಇವರು ಮತ್ತೆ ಅರ ಹಿಡಿದು ಕೂತರು. ಎಷ್ಟೋ ಯಂತ್ರ ಹಾಳಾದವು. ಮೇಡಂ ಅವರನ್ನು ಒರಗಿಸಿ ಕೂರಿಸಿ, ಕಣ್ಣಿನ ಮುಂದೆ ತಂತಿ ಹಿಡಿದು, ತೆಗೆದು, ಉಜ್ಜಿ, ಮತ್ತೆ ಹಿಡಿದು ನೋಡುತ್ತಿದ್ದರು, ನನ್ನ ಹಲ್ಲಿಗೆ ಮಾಡಿದ ಹಾಗೇ.

ಕೊನೆಗೊಂದು ದಿನ ಆಯಿತು, ಸರಿಯಾಯಿತು ಎಂದು ಕೆಳಗೆ ಬಂದು ಕರೆದರು. ತಂತಿ ಎಷ್ಟು ಹಗುರ ಕೂತಿತ್ತೆಂದರೆ ರೆಪ್ಪೆಕೂದಲು ಸವರಿದರೆ ಸಾಕಿತ್ತು. ಕವಣೆ ಎಳೆದು, ಕಾಳು ಇಟ್ಟು, ಮೇಜಿನ ಅಂಚಿಗೆ ತಂದಿದ್ದರು. ನಾನು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಮೇಡಂ ಅವರಿಗೆ ಮೇಲುಸಿರು ಹತ್ತಿಕೊಂಡಿತು. ನನ್ನ ಕಾರಿನಲ್ಲೇ ಆಸ್ಪತ್ರೆಗೆ ಹೋದೆವು. ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಹಿಂದಿನ ಸೀಟಿನಿಂದ ಇವರು ಹೇಳುತ್ತಲೇ ಇದ್ದರು, "ಎಲ್ಲಾ ಹಂಗೇ ಇದೆ ಕಣೇ, ನಿಂದೇ ಸರದಿ. ಬಂದ ತಕ್ಷಣ ಹೊಡಿ." ಮೇಡಂ ವಾಪಸ್ ಬರಲಿಲ್ಲ.

ಎಲ್ಲ ಕಾರ್ಯ ಮುಗಿದ ಮೇಲೆ ಇವರು ಮತ್ತೆ ಲ್ಯಾಬಿಗೆ ಹೋಗತೊಡಗಿದರು. ಊರವರ ಹಲ್ಲು ಮಾಡಿದರು, ಸಂಜೆ ಮೊಸರು ತೆಗೆದುಕೊಂಡು ಬಂದರು, ಬಾಗಿಲು ಹಾಕಿಕೊಂಡರು. ನಮ್ಮ ಮನೆಯವಳು ಸಾರು ಕೊಟ್ಟು ಕಳಿಸಿದಾಗ ಒಳಗೆ ಹೋದೆ. ಮೇಜು ಹಾಗೇ ಇತ್ತು, ಫ್ಯಾನ್ ಆರಿಸಿತ್ತು. ಕವಣೆ ಎಳೆದಿಟ್ಟಂತೆಯೇ ಇತ್ತು. ನಾನು ತಡೆಯಲಾರದೆ ಹೇಳಿಬಿಟ್ಟೆ, "ಸಾರ್, ದಾರ ಸತ್ತೋಗುತ್ತೆ."

"ಗೊತ್ತು ಗೌಡ್ರೇ" ಎಂದರು. ಪಾತ್ರೆ ತೊಳೆದು ಒರೆಸಿ ನನ್ನ ಕೈಗೆ ಕೊಟ್ಟರು. "ಅವಳ ಸರದಿ. ನಾನ್ ಮುಟ್ಟಂಗಿಲ್ಲ."

ನನ್ನ ದೂರು ಇದೇ. ನಮಗೆಲ್ಲ ಬುದ್ಧಿ ಹೇಳಿದ ಮನುಷ್ಯ ತಾನು ಮಾತ್ರ ಕೇಳಲಿಲ್ಲ. ಆ ಮೇಜಿನ ಪಕ್ಕದಲ್ಲೇ ಫ್ಯಾನ್ ಇಲ್ಲದೆ ಎರಡು ಬೇಸಿಗೆ ಮಲಗಿದರು. ಹೊಸದೊಂದು ಯಂತ್ರ ಮಾಡಲಿಲ್ಲ. ನಾನು ಕಾಫಿಗೆ ಕರೆದರೆ ಬರುತ್ತಿದ್ದರು, ಕೂರುತ್ತಿದ್ದರು, ನನ್ನ ಬಾಯಿಯನ್ನೂ ನೋಡುತ್ತಿರಲಿಲ್ಲ. ಕಳೆದ ತಿಂಗಳು ಲ್ಯಾಬಿನಲ್ಲಿ ಯಾರದೋ ಮೇಲ್ದವಡೆಯ ಅಚ್ಚು ಕೈಯಲ್ಲಿ ಹಿಡಿದವರು ಹಾಗೇ ಕುಸಿದರಂತೆ. ಹೃದಯ ಎಂದರು ಡಾಕ್ಟರು.

ಅವರ ತಂಗಿಯ ಮನೆಯವರು ಅಂಜನಾಪುರದಿಂದ ಬಂದು ಪಾತ್ರೆ, ಬೀರು, ಬಟ್ಟೆ ಸಾಗಿಸಿದರು. ಇದೆಲ್ಲ ಆಟದ ಸಾಮಾನು, ನೀವೇ ಇಟ್ಕೊಳ್ಳಿ ಅಂಕಲ್ ಎಂದು ಮೇಜಿನ ಕಡೆ ಕೈ ತೋರಿಸಿ ಹೋದರು. ಬಣ್ಣ ಹೊಡೆಯುವವರು ಮರುದಿನ ಬರುವವರಿದ್ದರು. ನಾನು ಒಬ್ಬನೇ ಮೇಲೆ ಹೋಗಿ ಮೇಜಿನ ಮುಂದೆ ನಿಂತೆ. ಮೇಡಂ ಕರಾರಿನ ಪ್ರಕಾರ ಬೇರೆ ಯಾರೂ ಹೊಡೆಯುವಂತಿಲ್ಲ. ಇವರ ಮಾತಿನ ಪ್ರಕಾರ ಎಳೆದಿಟ್ಟು ಹೋಗುವ ಹಾಗಿಲ್ಲ. ಹಾಗೇ ಎತ್ತಿ ಕೆಳಗೆ ಒಯ್ಯೋಣವೆಂದರೆ ತಂತಿ ನಡುಗಿದರೂ ಬಿಟ್ಟುಕೊಳ್ಳುತ್ತದೆ. ಬಟ್ಟಲಿನ ಕಡಲೆಗೆ ಹುಳ ಹತ್ತಿ ತೂತಾಗಿತ್ತು. ಎದುರಿಗೆ ನನ್ನ ಕೋಟೆ ಒಂದು ಇಟ್ಟಿಗೆಯೂ ಕದಲದೆ ನಿಂತಿತ್ತು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಬೀಳಲಿ ದರಿದ್ರದ್ದು ಎಂದುಕೊಂಡು, ತಪ್ಪಾಯಿತು ಮೇಡಂ ಎಂದು ಬಾಯಲ್ಲೇ ಹೇಳಿ, ತಂತಿಯನ್ನು ಬೆರಳಿನಿಂದ ಸವರಿದೆ.

ತಂತಿ ಸರಿಯಿತು, ಸನ್ನೆಗೋಲುಗಳು ಒಂದರ ಹಿಂದೊಂದು ಬಿದ್ದವು, ಪಿನ್ನು ಕಳಚಿ ಮೇಜಿನ ಮೇಲೆ ಉರುಳಿತು. ಎಲ್ಲವೂ ಅವರು ಮಾಡಿದಂತೆಯೇ ಕೆಲಸ ಮಾಡಿತು. ಕಡ್ಡಿ ಮಾತ್ರ ಏಳಲಿಲ್ಲ. ಬೆರಳಿನಿಂದ ಎತ್ತಿ ನೋಡಿದೆ, ಬಿಟ್ಟರೆ ಮತ್ತೆ ಮಲಗಿತು. ಕಡಲೆ ಬಟ್ಟಲಲ್ಲೇ ಇತ್ತು.